ಗಲ್ಲಾಪೆಟ್ಟಿಗೆಯಲ್ಲಿ ಕಾಣದ ಕೂಲಿ

ಒಂದು ಇಡ್ಲಿ ಗಾಡಿಯ ದಿನದ ಲೆಕ್ಕ ಹಾಕೋಣ. ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು, ಯಾವ ಊರಾದರೂ ಸರಿ. ನಸುಕಿನ ನಾಲ್ಕಕ್ಕೆ ಎದ್ದು ಗಂಡ ಹೆಂಡತಿ ಸೇರಿ ನಡೆಸುವ ಗಾಡಿ ಎಂದಿಟ್ಟುಕೊಳ್ಳಿ. ಪ್ಲೇಟಿಗೆ 40 ರೂಪಾಯಿಯಂತೆ 75 ಪ್ಲೇಟ್ ಹೋದರೆ 3,000 ರೂಪಾಯಿ ವ್ಯಾಪಾರ. ಅಕ್ಕಿ, ಉದ್ದಿನಬೇಳೆ, ತೆಂಗಿನಕಾಯಿ, ಎಣ್ಣೆಗೆ 1,600. ಗ್ಯಾಸಿಗೆ 300, ತಟ್ಟೆ ಮತ್ತು ನೀರಿನ ಕ್ಯಾನಿಗೆ 200, ಜಾಗದ ಬಾಡಿಗೆ 100. ಎಲ್ಲ ಕಳೆದು ಕೈಯಲ್ಲಿ ಉಳಿದದ್ದು 800.

ಕೇಳಿದವರೆಲ್ಲ ಅದನ್ನು ಲಾಭ ಎನ್ನುತ್ತಾರೆ. ಗಾಡಿಯವರೂ ಹಾಗೆಯೇ ಹೇಳುತ್ತಾರೆ. ಆದರೆ ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಇಬ್ಬರ ದುಡಿಮೆಗೆ ಅಷ್ಟನ್ನೇ ಹಿಡಿದರೂ 740 ಆಯಿತು. ನಿಜವಾದ ಲಾಭ 60 ರೂಪಾಯಿ. ಹಿಂದಿನ ದಿನ ಬೇಳೆ ನೆನೆಹಾಕಿ, ರುಬ್ಬಿ, ಪಾತ್ರೆ ತಿಕ್ಕಿದ ಹೊತ್ತನ್ನು ಇದರಲ್ಲಿ ಸೇರಿಸಿಯೇ ಇಲ್ಲ.

ಉದ್ಯಮಿ ಯಾರು ಎಂಬ ಮಾತು ಬಂದಾಗಲೆಲ್ಲ ನನಗೆ ಈ 60 ರೂಪಾಯಿ ಮುಖ್ಯವಾಗಿ ಕಾಣುತ್ತದೆ. ಜನಸಾಮಾನ್ಯರಿಗೆ ಉದ್ಯಮವೆಂದರೆ ಸಂಜೆ ಕೈಯಲ್ಲಿ ಉಳಿದ ದುಡ್ಡು. ಕಂಪನಿ ಕಟ್ಟುವವರಲ್ಲಿ ಹಲವರು ಮೊದಲ ದಿನದಿಂದಲೇ ತಮ್ಮ ಸಂಬಳವನ್ನು ಖರ್ಚಿನ ಪಟ್ಟಿಯಲ್ಲಿ ಬರೆಯುತ್ತಾರೆ; ಅದನ್ನು ಆ ತಿಂಗಳು ತೆಗೆದುಕೊಳ್ಳದಿದ್ದರೂ ಬಾಕಿ ಎಂದು ಅವರಿಗೆ ಗೊತ್ತಿರುತ್ತದೆ. ಧೈರ್ಯ, ಕನಸು ಇಬ್ಬರಲ್ಲೂ ಇವೆ. ವ್ಯತ್ಯಾಸ ಇರುವುದು ಪುಸ್ತಕದ ಆ ಒಂದು ಸಾಲಿನಲ್ಲಿ.

ಆ ಸಾಲು ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ನೋಡಬಹುದು. ಅಲ್ಲಿನ ಸಣ್ಣ ವ್ಯಾಪಾರಿಗಳನ್ನು ಅರ್ಥಶಾಸ್ತ್ರಜ್ಞರಾದ ಡೀನ್ ಕಾರ್ಲನ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅಧ್ಯಯನ ಮಾಡಿದ್ದಾರೆ. ಬಹಳ ಜನ ಬೆಳಿಗ್ಗೆ ಸಾಲ ತಂದು ಮಾಲು ಹಾಕಿ ಸಂಜೆ ತೀರಿಸುವವರು. ಬಡ್ಡಿ ದಿನಕ್ಕೆ ಶೇ 5ರ ಆಸುಪಾಸು. 1,000 ರೂಪಾಯಿಗೆ ದಿನಕ್ಕೆ 50, ವರ್ಷದಲ್ಲಿ 300 ದಿನ ವ್ಯಾಪಾರ ಮಾಡಿದರೆ 15,000. ಅಸಲಿನ ಹದಿನೈದು ಪಟ್ಟು ಬಡ್ಡಿಗೇ ಹೋಯಿತು, ಅಸಲು ಮಾತ್ರ ಮರುದಿನ ಬೆಳಿಗ್ಗೆ ಮತ್ತೆ ಬೇಕು.

ನಮ್ಮ ಇಡ್ಲಿ ಗಾಡಿ 1,600 ರೂಪಾಯಿ ಸಾಮಾನಿಗೆ ಇದೇ ದರದಲ್ಲಿ ಸಾಲ ತಂದರೆ ಬಡ್ಡಿ 80. ಲಾಭ 60. ಅಂದರೆ ದಿನಕ್ಕೆ 20 ರೂಪಾಯಿ ನಷ್ಟ. ಆದರೂ ಗಾಡಿ ನಿಲ್ಲುವುದಿಲ್ಲ, ಏಕೆಂದರೆ ಕೈಯಲ್ಲಿ 720 ಇದೆಯಲ್ಲ! ತಮ್ಮ ಕೂಲಿಯಿಂದಲೇ ಬಡ್ಡಿ ಕಟ್ಟುತ್ತಿದ್ದೇವೆಂದು ಅವರಿಗೆ ಗೊತ್ತಾಗುವುದೇ ಇಲ್ಲ.

ಇದಕ್ಕೆ ದಾರಿಯೂ ಅಂಕಿಯಲ್ಲೇ ಇದೆ. 1,000 ರೂಪಾಯಿ ಸಾಲದವರು ದಿನಕ್ಕೆ 5 ರೂಪಾಯಿ ಉಳಿಸಿ, ಅಷ್ಟು ಸಾಲ ಕಡಿಮೆ ಮಾಡಿ, ಉಳಿದ ಬಡ್ಡಿಯನ್ನೂ ಅದಕ್ಕೇ ಸೇರಿಸುತ್ತ ಹೋದರೆ ಸುಮಾರು 50 ದಿನಕ್ಕೆ ಪೂರಾ ಬಂಡವಾಳ ಸ್ವಂತದ್ದು. ಹಾಗಿದ್ದೂ ಕೋಯಂಬೇಡಿನಲ್ಲಿ ಸಂಶೋಧಕರೇ ಸಾಲ ತೀರಿಸಿಕೊಟ್ಟ ವ್ಯಾಪಾರಿಗಳು ತಿಂಗಳುಗಳು ಕಳೆದಂತೆ ಒಬ್ಬೊಬ್ಬರಾಗಿ ಮತ್ತೆ ಸಾಲಕ್ಕೆ ಬಿದ್ದರು. ಒಂದು ಮದುವೆ, ಒಂದು ಆಸ್ಪತ್ರೆ ಖರ್ಚು ಬಂದರೆ ಮಾಲಿನ ದುಡ್ಡೇ ಮನೆಗೆ ಹೋಗುತ್ತದೆ. ಇದನ್ನು ಅವರ ಸೋಮಾರಿತನವೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ.

ಹೀಗೆ ಸ್ವಂತ ದುಡಿಮೆಯಲ್ಲೇ ಘಟಕ ನಡೆಸುವವರು ಎಷ್ಟು ಜನ? 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6.34 ಕೋಟಿ ಕೃಷಿಯೇತರ ಕಿರು, ಸಣ್ಣ, ಮಧ್ಯಮ ಘಟಕಗಳು. ದುಡಿಯುವವರು 11.10 ಕೋಟಿ. ಘಟಕಕ್ಕೆ ಇಬ್ಬರೂ ಇಲ್ಲ. ನೂರರಲ್ಲಿ 84 ಘಟಕಗಳು ಕೂಲಿಯಾಳನ್ನು ಕಾಯಂ ಇಟ್ಟುಕೊಂಡಿರಲಿಲ್ಲ. ಕರ್ನಾಟಕದ ಪಾಲು 38.34 ಲಕ್ಷ. 2023-24ಕ್ಕೆ ಇಂಥ ಅಸಂಘಟಿತ ಘಟಕಗಳು 7.34 ಕೋಟಿಗೆ ಏರಿದವು. ಸರ್ಕಾರ ಮಾನ್ಯ ಮಾಡಿದ ಸ್ಟಾರ್ಟ್‌ಅಪ್‌ಗಳು 2024ರ ಕೊನೆಗೆ 1.57 ಲಕ್ಷ. ಒಂದು ಸ್ಟಾರ್ಟ್‌ಅಪ್‌ಗೆ ಇಂಥ 460ಕ್ಕೂ ಹೆಚ್ಚು ಘಟಕಗಳು. ಉದ್ಯಮದ ಬಗ್ಗೆ ಬರುವ ಭಾಷಣ, ಪುಸ್ತಕಗಳಲ್ಲಿ ಈ ಪ್ರಮಾಣ ತಲೆಕೆಳಗಾಗಿರುತ್ತದೆ.

ಹತ್ತು ಸಾವಿರದಲ್ಲಿ ಶುರುವಾದ ಕಂಪನಿಗಳ ಕಥೆ ಎಲ್ಲರಿಗೂ ಬಾಯಿಪಾಠ. 1978ರಲ್ಲಿ ಬಯೋಕಾನ್, 1981ರಲ್ಲಿ ಇನ್ಫೋಸಿಸ್. 2020ರಲ್ಲಿ ಬೀದಿ ವ್ಯಾಪಾರಿಗಳಿಗಾಗಿ ಬಂದ ಸ್ವನಿಧಿ ಯೋಜನೆಯ ಮೊದಲ ಸಾಲವೂ ಆಗ 10,000 ರೂಪಾಯಿಯೇ ಆಗಿತ್ತು. ನಲವತ್ತು ವರ್ಷದ ಬೆಲೆಯೇರಿಕೆ ಹಾಗಿರಲಿ, ಇನ್ಫೋಸಿಸ್ ಕಥೆಯಲ್ಲಿ ಆ ಹಣದ ಜೊತೆಗೆ ಸ್ಥಾಪಕರೊಬ್ಬರ ಪತ್ನಿ ಸುಧಾ ಮೂರ್ತಿಯವರ ಸಂಬಳದಲ್ಲಿ ನಡೆಯುತ್ತಿದ್ದ ಮನೆಯೂ ಇತ್ತು. ಇಡ್ಲಿ ಗಾಡಿಯವರಿಗೆ ಗಾಡಿಯ ದುಡ್ಡೇ ಮನೆಯ ದುಡ್ಡು.

ನನಗೆ ಹೆಚ್ಚು ಮೆಚ್ಚುಗೆಯಾಗುವ ಲೆಕ್ಕ ಲಿಜ್ಜತ್ ಪಾಪಡ್‌ನದು. 1959ರ ಮಾರ್ಚ್ 15ರಂದು ಮುಂಬೈಯ ಗಿರ್‌ಗಾಂವ್‌ನಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ತಂದು ಆರಂಭಿಸಿದ ಸಂಸ್ಥೆ ಅದು. ಅಲ್ಲಿ ಹಪ್ಪಳ ಲಟ್ಟಿಸಿದ್ದಕ್ಕೆ ಕಿಲೋ ಲೆಕ್ಕದಲ್ಲಿ ಕೂಲಿ ಬೇರೆ, ಸದಸ್ಯರು ಹಂಚಿಕೊಳ್ಳುವ ಲಾಭ ಬೇರೆ. ಅಲ್ಲಿ ಒಡತಿಯೂ ತನ್ನ ಕೈಕೆಲಸಕ್ಕೆ ಮೊದಲು ಕೂಲಿ ಪಡೆಯುತ್ತಾಳೆ.

ನೀವು ಅಂಗಡಿ, ಗಾಡಿ, ಟೈಲರಿಂಗ್ ಮಷಿನ್ ಏನೇ ಇಟ್ಟುಕೊಂಡಿದ್ದರೂ ಇವತ್ತಿನ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ ದಿನಗೂಲಿ ಬರೆಯಿರಿ. ಜೊತೆಗೆ ದುಡಿಯುವ ಹೆಂಡತಿ, ಗಂಡ, ತಾಯಿಯ ಹೆಸರನ್ನೂ ಸೇರಿಸಿ. ಲಾಭ ಎಷ್ಟೆಂದು ಆಮೇಲೆ ಕೂಡಿಸಿ ನೋಡಿ.