ಇಂಧನದೊಳಗೊಂದು ಜಡವಸ್ತು

ಕೈಗಾದ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಬಳಸುವ ಇಂಧನ ನೈಸರ್ಗಿಕ ಯುರೇನಿಯಮ್. ಅದರ ಪ್ರತಿ ಸಾವಿರ ಪರಮಾಣುಗಳಲ್ಲಿ ಸುಮಾರು 7 ಮಾತ್ರ ಯುರೇನಿಯಮ್-235. ಉಳಿದ 993 ಯುರೇನಿಯಮ್-238. ನಿಧಾನಗತಿಯ ನ್ಯೂಟ್ರಾನುಗಳಿಂದ ಸುಲಭವಾಗಿ ವಿದಳನ ಹೊಂದುವುದು ಮೊದಲಿನದು. ಹಾಗಾದರೆ ಉಳಿದ 993 ಪರಮಾಣುಗಳು ಸುಮ್ಮನೆ ಜಾಗ ತುಂಬಿಕೊಂಡಿರುತ್ತವೆಯೆ?

ಇಲ್ಲ. ಅವುಗಳಲ್ಲಿ ಕೆಲವು ನ್ಯೂಟ್ರಾನನ್ನು ಹೀರಿ ಯುರೇನಿಯಮ್-239 ಆಗುತ್ತವೆ. ಅದು 23.5 ನಿಮಿಷಗಳ ಅರ್ಧಾಯುವಿನಲ್ಲಿ ಬೀಟಾ ಕಣವನ್ನು ಹೊರಸೂಸಿ ನೆಪ್ಚೂನಿಯಮ್-239 ಆಗುತ್ತದೆ. ಇದು ಸುಮಾರು 2.4 ದಿನಗಳ ಅರ್ಧಾಯುವಿನಲ್ಲಿ ಪ್ಲುಟೋನಿಯಮ್-239 ಆಗಿ ಮಾರ್ಪಡುತ್ತದೆ. ಹೀಗೆ ಹುಟ್ಟಿದ ಪ್ಲುಟೋನಿಯಮ್‌ನ ಒಂದು ಭಾಗ ರಿಯಾಕ್ಟರಿನಲ್ಲೇ ವಿದಳನಗೊಂಡು ಶಕ್ತಿ ಕೊಡುತ್ತದೆ. ಮಿಕ್ಕದ್ದು ಬಳಸಿದ ಇಂಧನದೊಡನೆ ಹೊರಬರುತ್ತದೆ. ಅದರ ಅರ್ಧಾಯು ಸುಮಾರು 24,100 ವರ್ಷ. ತರಗತಿಯಲ್ಲಿ ಲೆಕ್ಕ ಮಾಡಿಸಿ ನೋಡಿ: ಒಂದು ಕಿಲೋಗ್ರಾಂ ಪ್ಲುಟೋನಿಯಮ್-239ರಲ್ಲಿ 96,400 ವರ್ಷಗಳ ಅನಂತರವೂ 62.5 ಗ್ರಾಂ ಉಳಿದಿರುತ್ತದೆ. ಬಾಂಬಿಗೂ ಒದಗುವ ಈ ವಸ್ತುವನ್ನು ಅಷ್ಟು ಕಾಲ ಕಾಯುವವರು ಯಾರು?

ಪ್ರಶ್ನೆ ಕಾಲ್ಪನಿಕವಲ್ಲ. ಅಮೆರಿಕ ಮತ್ತು ರಷ್ಯಾ ತಲಾ 34 ಟನ್ ಶಸ್ತ್ರಯೋಗ್ಯ ಪ್ಲುಟೋನಿಯಮ್ಮನ್ನು ವಿಲೇವಾರಿ ಮಾಡಲು 2000ದಲ್ಲಿ ಒಪ್ಪಿಕೊಂಡವು; 2016ರಲ್ಲಿ ರಷ್ಯಾ ಆ ಒಪ್ಪಂದವನ್ನು ತಡೆಹಿಡಿಯಿತು. ಬ್ರಿಟನ್ನಿನ ಸೆಲ್ಲಾಫೀಲ್ಡ್‌ನಲ್ಲಿ ಸುಮಾರು 140 ಟನ್ ಪ್ಲುಟೋನಿಯಮ್ ದಾಸ್ತಾನಿದೆ.

ಪ್ಲುಟೋನಿಯಮ್ಮನ್ನೇ ಇಂಧನವಾಗಿ ಉರಿಸಬಾರದೇಕೆ? ಉರಿಸಬಹುದು. ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಪ್ಲುಟೋನಿಯಮ್ ಮತ್ತು ಯುರೇನಿಯಮ್ ಆಕ್ಸೈಡುಗಳ ಮಿಶ್ರ ಇಂಧನ ಬಳಕೆಯಲ್ಲಿದೆ. ಆದರೆ ಈ ಮಿಶ್ರಣದ ಬಹುಪಾಲು ಯುರೇನಿಯಮ್-238. ಹಳೆಯ ಪ್ಲುಟೋನಿಯಮ್ ಉರಿಯುತ್ತಿರುವಾಗಲೇ ಹೊಸ ಪ್ಲುಟೋನಿಯಮ್ ಹುಟ್ಟುತ್ತಿರುತ್ತದೆ. ಸಾಲ ತೀರಿಸುತ್ತಲೇ ಹೊಸ ಸಾಲ ಮಾಡಿದ ಹಾಗೆ!

ಆದ್ದರಿಂದ ಯುರೇನಿಯಮ್-238ರ ಜಾಗದಲ್ಲಿ ನ್ಯೂಟ್ರಾನುಗಳ ಗೊಡವೆಗೆ ಹೋಗದ ಬೇರೊಂದು ವಸ್ತುವನ್ನು ಇಟ್ಟರೆ ಹೇಗೆ ಎಂದು ವಿಜ್ಞಾನಿಗಳು ಯೋಚಿಸಿದರು. ಚಿಕ್ಕಿಯಲ್ಲಿ ಶೇಂಗಾ ಕಾಳುಗಳನ್ನು ಬೆಲ್ಲದ ಪಾಕ ಹಿಡಿದಿಡುವಂತೆ, ಇಂಧನದ ಗುಳಿಗೆಯಲ್ಲಿ ಪ್ಲುಟೋನಿಯಮ್ಮನ್ನು ಹಿಡಿದಿಡುವ ಈ ವಸ್ತುವಿಗೆ 'ಇನರ್ಟ್ ಮ್ಯಾಟ್ರಿಕ್ಸ್' ಎಂದು ಹೆಸರು. ನಾವು ಇದನ್ನು ಜಡ ಆಧಾರದ್ರವ್ಯ ಎಂದು ಕರೆಯೋಣ.

ಇದಕ್ಕೆ ಇರಬೇಕಾದ ಗುಣಗಳನ್ನು ಪಟ್ಟಿ ಮಾಡಿದರೆ ಕಷ್ಟ ತಿಳಿಯುತ್ತದೆ. ಅದು ನ್ಯೂಟ್ರಾನುಗಳನ್ನು ಹೀರಬಾರದು. ಅತಿ ಹೆಚ್ಚಿನ ಉಷ್ಣತೆಯಲ್ಲೂ ಕರಗಬಾರದು. ಗುಳಿಗೆಯೊಳಗೆ ಹುಟ್ಟುವ ಉಷ್ಣವನ್ನು ಬೇಗ ಹೊರಗೆ ಸಾಗಿಸಬೇಕು. ಕವಚ ಸೀಳಿದರೂ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನ ನೀರಿನೊಡನೆ ವರ್ತಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ವಿದಳನದ ಹೊಡೆತವನ್ನು ತಾಳಿಕೊಳ್ಳಬೇಕು. ಒಂದು ವಿದಳನದಲ್ಲಿ ಬಿಡುಗಡೆಯಾಗುವ ಸುಮಾರು 200 ಎಂ.ಇ.ವಿ. ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಎರಡು ಚೂರುಗಳು ಹೊತ್ತು ಸಾಗುತ್ತವೆ. ಸುಮಾರು 10 ಮೈಕ್ರಾನ್ ದೂರದೊಳಗೆ ಅವು ನಿಲ್ಲುವಷ್ಟರಲ್ಲಿ ದಾರಿಯುದ್ದಕ್ಕೂ ಸ್ಫಟಿಕದ ಜೋಡಣೆ ಕದಡಿಹೋಗಿರುತ್ತದೆ.

ಈ ಎಲ್ಲ ಗುಣಗಳೂ ಒಂದೇ ವಸ್ತುವಿನಲ್ಲಿ ಸಿಕ್ಕಿಲ್ಲ. ಮೆಗ್ನೀಸಿಯಮ್ ಆಕ್ಸೈಡ್ ಉಷ್ಣವನ್ನು ಚೆನ್ನಾಗಿ ಸಾಗಿಸುತ್ತದೆ, ಸುಮಾರು 2,850 ಡಿಗ್ರಿಯವರೆಗೆ ಕರಗದು. ಆದರೆ ಬಿಸಿನೀರು ಸೋಕಿದರೆ ಹೈಡ್ರಾಕ್ಸೈಡ್ ಆಗಿ ಪುಡಿಯಾಗುತ್ತದೆ. ಯಿಟ್ರಿಯಮ್ ಆಕ್ಸೈಡ್ ಬೆರೆಸಿ ಸ್ಥಿರಗೊಳಿಸಿದ ಜಿರ್ಕೋನಿಯಮ್ ಆಕ್ಸೈಡ್‌ನ ಸ್ಫಟಿಕ ರಚನೆ ಯುರೇನಿಯಮ್ ಆಕ್ಸೈಡಿನಂಥದೇ. ಪ್ಲುಟೋನಿಯಮ್ ಅದರಲ್ಲಿ ಘನದ್ರಾವಣವಾಗಿ ಬೆರೆಯುತ್ತದೆ. ನೀರಿಗೂ ವಿಕಿರಣಕ್ಕೂ ಅದು ಬಗ್ಗದು. ಆದರೆ ಉಷ್ಣವಾಹಕತೆ ತೀರಾ ಕಡಿಮೆಯಾದ್ದರಿಂದ ಗುಳಿಗೆಯ ನಡುಭಾಗ ವಿಪರೀತ ಕಾಯುತ್ತದೆ. ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆ ಈ ವಸ್ತುವಿನ ಮೇಲೆ ವಿಸ್ತಾರವಾಗಿ ಕೆಲಸ ಮಾಡಿದೆ.

ಮೂರನೆಯದು ಸ್ಪಿನೆಲ್, ಅಂದರೆ ಮೆಗ್ನೀಸಿಯಮ್ ಅಲ್ಯೂಮಿನೇಟ್. ನ್ಯೂಟ್ರಾನುಗಳ ಹೊಡೆತಕ್ಕೆ ಇದು ಗಟ್ಟಿ. ಪ್ಲುಟೋನಿಯಮ್-241 ಕ್ಷಯಿಸಿದಾಗ ಉಂಟಾಗುವ ಅಮೆರಿಸಿಯಮ್-241 ಎಂಬ ಇನ್ನೊಂದು ತೊಡಕಿನ ಧಾತುವನ್ನು ನಾಶಪಡಿಸಲು ಇದನ್ನು ಬಳಸಿ ನೋಡಿದರು. ನೆದರ್ಲೆಂಡ್ಸ್‌ನ ಪೆಟ್ಟೆನ್‌ನಲ್ಲಿರುವ ಹೈ ಫ್ಲಕ್ಸ್ ರಿಯಾಕ್ಟರಿನಲ್ಲಿ 1990ರ ದಶಕದಲ್ಲಿ ಸ್ಪಿನೆಲ್‌ನೊಳಗೆ ಅಮೆರಿಸಿಯಮ್ ಇಟ್ಟು ಸುಮಾರು ಒಂದು ವರ್ಷ ವಿಕಿರಣಕ್ಕೆ ಒಡ್ಡಲಾಯಿತು. ತೆರೆದು ನೋಡಿದಾಗ ಗುಳಿಗೆಗಳ ಗಾತ್ರ ಸುಮಾರು ಶೇಕಡ 18ರಷ್ಟು ಹಿಗ್ಗಿತ್ತು. ಕಾರಣವೇನು? ಅಮೆರಿಸಿಯಮ್ ನ್ಯೂಟ್ರಾನನ್ನು ಹೀರಿದ ಮೇಲೆ ಬಹುಪಾಲು ಕ್ಯೂರಿಯಮ್-242 ಆಗುತ್ತದೆ. ಇದು ಆಲ್ಫಾ ಕಣಗಳನ್ನು ಹೊರಸೂಸುತ್ತದೆ. ಆಲ್ಫಾ ಕಣವೆಂದರೆ ಹೀಲಿಯಮ್ ಬೀಜ ತಾನೆ? ಹೊರಹೋಗಲಾರದ ಹೀಲಿಯಮ್ ಅನಿಲ ಒಳಗೇ ಗುಳ್ಳೆಕಟ್ಟಿ ಗುಳಿಗೆಯನ್ನು ಉಬ್ಬಿಸಿತು.

ಇನ್ನೂ ಒಂದು ತೊಡಕಿದೆ; ಇದು ಸುರಕ್ಷತೆಗೆ ಸಂಬಂಧಿಸಿದ್ದು. ಇಂಧನ ಬಿಸಿಯಾದಂತೆ ಯುರೇನಿಯಮ್-238ರ ಪರಮಾಣುಗಳ ಕಂಪನ ಹೆಚ್ಚುತ್ತದೆ. ಆಗ ಅವು ಇನ್ನೂ ಅಗಲವಾದ ಶಕ್ತಿಪಟ್ಟಿಯಲ್ಲಿ ನ್ಯೂಟ್ರಾನುಗಳನ್ನು ಹೀರುತ್ತವೆ. ಸರಪಳಿ ಕ್ರಿಯೆ ತಾನಾಗಿಯೇ ತಗ್ಗುತ್ತದೆ. ಇದೇ ಡಾಪ್ಲರ್ ಪರಿಣಾಮ. ಚಾಲಕನ ಕೈ ಬ್ರೇಕಿಗೆ ಹೋಗುವ ಮೊದಲೇ ಹಿಡಿಯುವ ಈ ಬ್ರೇಕು ಯುರೇನಿಯಮ್-238ನ್ನು ತೆಗೆದರೆ ದುರ್ಬಲವಾಗುತ್ತದೆ. ಸಾಲದ್ದಕ್ಕೆ, ಕ್ರಿಯೆಯ ನಿಯಂತ್ರಣಕ್ಕೆ ನೆರವಾಗುವ ವಿಳಂಬಿತ ನ್ಯೂಟ್ರಾನುಗಳು ಪ್ಲುಟೋನಿಯಮ್-239ರಲ್ಲಿ ಸುಮಾರು ಶೇಕಡ 0.2 ಮಾತ್ರ; ಯುರೇನಿಯಮ್-235ರಲ್ಲಿ ಸುಮಾರು 0.65. ಕೊರತೆಯನ್ನು ತುಂಬಲು ಎರ್ಬಿಯಮ್ ಅಥವಾ ಥೋರಿಯಮ್ಮನ್ನು ಬೆರೆಸಬೇಕಾಗುತ್ತದೆ. ಜಡವೆಂದು ಆರಿಸಿದ ವಸ್ತು ಪೂರ್ತಿ ಜಡವಾಗಿದ್ದರೂ ಕಷ್ಟವೇ!

ನಮ್ಮ ದೇಶದ ನಿಲುವು ಬೇರೆ. ಯುರೇನಿಯಮ್ ಕಡಿಮೆ, ಥೋರಿಯಮ್ ಹೇರಳವಾಗಿರುವ ಭಾರತಕ್ಕೆ ಪ್ಲುಟೋನಿಯಮ್ ಕಸವಲ್ಲ. ಮೂರು ಹಂತಗಳ ಪರಮಾಣು ಯೋಜನೆಯ ಎರಡನೆಯ ಹಂತಕ್ಕೆ ಅದೇ ಬಂಡವಾಳ. ಅಲ್ಲಿ ಯುರೇನಿಯಮ್-238ನ್ನು ಬೇಕೆಂದೇ ಇಟ್ಟು ಹೊಸ ಪ್ಲುಟೋನಿಯಮ್ ಬೆಳೆಯುವುದೇ ಗುರಿ. ಬ್ರಿಟನ್ ಇನ್ನೊಂದು ದಾರಿ ಹಿಡಿದಿದೆ: ತನ್ನ ದಾಸ್ತಾನನ್ನು ಉರಿಸದೆ, ಸ್ಥಿರ ರೂಪಕ್ಕೆ ತಂದು ಭೂಗರ್ಭದಲ್ಲಿ ಹುದುಗಿಸುವುದಾಗಿ 2025ರಲ್ಲಿ ಪ್ರಕಟಿಸಿತು.

ಜಡ ಆಧಾರದ್ರವ್ಯದ ಇಂಧನ ವಿದ್ಯುತ್ ಸ್ಥಾವರಗಳಲ್ಲಿ ವಾಡಿಕೆಗೆ ಬಂದಿಲ್ಲ. ಆದರೂ ಪ್ಲುಟೋನಿಯಮ್ಮನ್ನು ಹೂಳುವುದೂ, ಉರಿಸುತ್ತ ಬೆಳೆಯುವುದೂ ಬೇಡ, ಉರಿಸಿ ಮುಗಿಸಬೇಕು ಎನ್ನುವವರಿಗೆ ಇದೊಂದು ಮುಖ್ಯ ದಾರಿ. ಅದಕ್ಕೆ ತಡೆಯಾಗಿರುವುದು ಬೀಜ ಭೌತವಿಜ್ಞಾನಕ್ಕಿಂತ ಹೆಚ್ಚಾಗಿ ದ್ರವ್ಯವಿಜ್ಞಾನದ ಪ್ರಶ್ನೆಗಳು. ಘನವಸ್ತುಗಳ ಉಷ್ಣವಾಹಕತೆ, ಸ್ಫಟಿಕ ರಚನೆಗಳನ್ನು ಇಂದು ಓದುತ್ತಿರುವ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ.