ತಾತನ ಫೋಟೊ, ಮೊಮ್ಮಗನ ಪದರಗಳು

ಕಲಾವಿದ ವಿವಾನ್ ಸುಂದರಂ ಅವರ ‘ರೀಟೇಕ್ ಆಫ್ ಅಮೃತಾ’ ಸರಣಿಯ ಕಪ್ಪು-ಬಿಳುಪು ಚಿತ್ರಗಳು ಮೊದಲ ನೋಟಕ್ಕೆ ಯಾರದೋ ಮನೆಯ ಹಳೇ ಆಲ್ಬಮ್ಮಿನಂತೆ ಕಾಣುತ್ತವೆ. ಇನ್ನೊಮ್ಮೆ ನೋಡಿದರೆ ವಯಸ್ಸಿನ ಲೆಕ್ಕ ತಾಳೆಯಾಗುವುದಿಲ್ಲ. ಬೇರೆ ಬೇರೆ ಕಾಲದಲ್ಲಿ ತೆಗೆಸಿಕೊಂಡ ಫೋಟೊಗಳ ಜನ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ.

ಮೂಲ ಫೋಟೊಗಳಲ್ಲಿ ಬಹುಪಾಲು ತೆಗೆದವರು ವಿವಾನ್ ಅವರ ತಾಯಿಯ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954). ಅವುಗಳಲ್ಲಿ ಮತ್ತೆ ಮತ್ತೆ ಬರುವ ಮುಖ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರದು. ಆಕೆ ವಿವಾನ್‌ಗೆ ದೊಡ್ಡಮ್ಮ. 1941ರಲ್ಲಿ, ವಿವಾನ್ ಹುಟ್ಟುವುದಕ್ಕೆ ಮೊದಲೇ ತೀರಿಕೊಂಡವರು. 2001–02ರಲ್ಲಿ ವಿವಾನ್ ಈ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಬೆಸೆದರು. ನಮ್ಮೂರಿನ ಸ್ಟುಡಿಯೊದವರು ತೀರಿಹೋದ ಅಜ್ಜನನ್ನು ಅಜ್ಜಿಯ ಪಕ್ಕ ಕೂರಿಸಿ ಫ್ರೇಮು ಹಾಕಿಕೊಡುತ್ತಿದ್ದರಲ್ಲ, ಕೈಚಳಕ ಅದೇ ಜಾತಿಯದು. ಉದ್ದೇಶ ಮಾತ್ರ ಬೇರೆ.

ಇಂಥ ಕೆಲಸ ಸಾಮಾನ್ಯವಾಗಿ ಸ್ಕ್ಯಾನಿಂಗ್‌ನಿಂದ ಶುರು. 3 ಇಂಚು ಅಗಲದ ಹಳೇ ಪ್ರಿಂಟನ್ನು 15 ಇಂಚಿಗೆ ಹಿಗ್ಗಿಸಿ, ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಲು 4500 ಪಿಕ್ಸೆಲ್ ಬೇಕು. ಅಂದರೆ ಸ್ಕ್ಯಾನರನ್ನು ಇಂಚಿಗೆ 1500ಕ್ಕೆ ಇಡಬೇಕು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಲೇಯರ್, ಅಂದರೆ ಪದರ. ಫೋಟೊಶಾಪ್‌ಗೆ ಈ ಸೌಲಭ್ಯ ಬಂದದ್ದು 1994ರಲ್ಲಿ. ಬೇಡದ ಭಾಗವನ್ನು ಯಾರೂ ಅಳಿಸುವುದಿಲ್ಲ, ಮಾಸ್ಕ್ ಹಾಕಿ ಮರೆಮಾಡುತ್ತಾರೆ: ಮಾಸ್ಕಿನ ಮೇಲೆ ಕಪ್ಪು ಬಳಿದರೆ ಆ ಜಾಗ ಮಾಯ, ಬಿಳಿ ಬಳಿದರೆ ಮತ್ತೆ ಹಾಜರು, ಬೂದು ಬಳಿದರೆ ಅರೆಬರೆ. ಕೂದಲಿನ ಅಂಚು ಕೃತಕವಾಗಿ ಕಾಣದಿರುವುದು ಈ ಬೂದಿನಿಂದಲೇ.

ನೆರಳಿಗೆ ‘ಮಲ್ಟಿಪ್ಲೈ’ ಎಂಬ ವಿಧಾನವಿದೆ. ಬಿಳಿಗೆ 1, ಕಪ್ಪಿಗೆ 0 ಎಂದಿಟ್ಟುಕೊಂಡು ಮೇಲಿನ, ಕೆಳಗಿನ ಲೇಯರುಗಳನ್ನು ಗುಣಿಸುವುದು. ಮೇಲೆ ಬಿಳಿಯಿದ್ದರೆ ಕೆಳಗಿನದು ಹಾಗೇ ಉಳಿಯುತ್ತದೆ, 0.5ನ್ನು 0.5ರಿಂದ ಗುಣಿಸಿದರೆ 0.25, ಇನ್ನಷ್ಟು ಕಪ್ಪು.

ಕಪ್ಪು-ಬಿಳುಪಿನಲ್ಲಿ ಬಣ್ಣ ಹೊಂದಿಸುವ ತಲೆನೋವಿಲ್ಲ. ಆದರೆ ಗ್ರೇನ್, ಅಂದರೆ ಫೋಟೊದ ಸಣ್ಣ ಸಣ್ಣ ಕಣಗಳು, ಸುಮ್ಮನೆ ಬಿಡುವುದಿಲ್ಲ. ಚಿಕ್ಕ ಫೋಟೊ ಹಿಗ್ಗಿಸಿದಾಗ ಅದರ ಗ್ರೇನೂ ದಪ್ಪವಾಗಿ, ಪಕ್ಕದ ನುಣುಪು ಮುಖದೆದುರು ತರಿತರಿಯಾಗಿ ಕಾಣುತ್ತದೆ. ಆಗ ನುಣುಪಿನದಕ್ಕೇ ಕೃತಕ ಗ್ರೇನ್ ಬೆರೆಸಬೇಕಾಗುತ್ತದೆ.

ನನ್ನ ಲೆಕ್ಕದಲ್ಲಿ ಈ ಸರಣಿಯ ಜಾಣತನವಿರುವುದು ಕನ್ನಡಿಗಳಲ್ಲಿ. ಕನ್ನಡಿಯೊಳಗಿನ ಬೆಳಕು ತುಸು ಬೇರೆಯಾದರೂ, ಅಳತೆ ಕೊಂಚ ತಪ್ಪಿದರೂ ನಮ್ಮ ಕಣ್ಣು ಒಪ್ಪಿಕೊಂಡುಬಿಡುತ್ತದೆ. ಬೇರೊಂದು ಕಾಲದ ಮುಖವನ್ನು ತಂದಿಡಲು ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕೀತೆ?

ಬೆಸುಗೆ ಹುಡುಕುವ ಆಸೆಯಿದ್ದರೆ ಯಾವ ಕೊಲಾಜಿನಲ್ಲೇ ಆಗಲಿ ಮುಖ ಬಿಟ್ಟು ಪಾದ ನೋಡಿ. ಕಾಲು ನೆಲಕ್ಕೆ ತಾಗುವಲ್ಲಿ ಬೀಳುವ ಸಣ್ಣ ಕಡುನೆರಳನ್ನು ಸೃಷ್ಟಿಸುವುದು ಕಷ್ಟ. ಅದಕ್ಕೇ ಎಷ್ಟೋ ಕಲಾವಿದರು ಪಾದದ ಮುಂದೆ ಒಂದು ಕುರ್ಚಿ ತಂದಿಡುತ್ತಾರೆ.