ವೃತ್ತವೋ, ಸುರುಳಿಯೋ?

ಮೊನ್ನೆ ಮಾವಳ್ಳಿಯಲ್ಲಿ ಮಿತ್ರರೊಬ್ಬರ ಮನೆಯ ಜಗಲಿಯ ಮೇಲೆ ನಡೆದ ಒಂದು ವಾಗ್ವಾದವನ್ನು ವಾಚಕರ ಮುಂದಿಡಬೇಕಾಗಿದೆ. ಆ ಮನೆಯ ಹುಡುಗನು ಒಂದು ಚಿತ್ರವನ್ನು ತಂದು, "ಇದರಲ್ಲಿ ಏನಿದೆ, ಹೇಳಿ" ಎಂದನು. ಸುರುಳಿಯೆಂದು ಹೇಳದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಹೊರ ಅಂಚಿನಿಂದ ಹೊರಟ ರೇಖೆಯು ಸುತ್ತಿ ಸುತ್ತಿ, ಬಾವಿಯೊಳಕ್ಕೆ ಇಳಿಯುವ ಮೆಟ್ಟಿಲುಗಳಂತೆ, ನಡುವಿನ ಬಿಂದುವಿಗೆ ಸಾಗುತ್ತಿದ್ದುದನ್ನು ಎಲ್ಲರೂ ಕಣ್ಣಾರೆ ಕಂಡೆವು. ಹುಡುಗನು, "ಇಲ್ಲ, ಬರಿಯ ವೃತ್ತಗಳು" ಎಂದನು. ದೊಡ್ಡವರಿಗೆ ಎದುರಾಡಬಾರದೆಂದು ಹಿರಿಯರೊಬ್ಬರು ಗದರಿದರು. ಗದರಿದವರ ಪಕ್ಷದಲ್ಲಿ ನಾವೂ ಇದ್ದೆವೆಂಬುದನ್ನು ಮುಚ್ಚಿಡುವುದಿಲ್ಲ. ಹುಡುಗನು ಮರುಮಾತಾಡದೆ ಒಳಗಿನಿಂದ ಕೈವಾರವನ್ನು ತಂದು, ಅದರ ಮುಳ್ಳನ್ನು ಚಿತ್ರದ ನಡುವೆ ಊರಿ, ಸೀಸದಕಡ್ಡಿಯನ್ನು ತಿರುಗಿಸಿದನು. ಕಡ್ಡಿಯು ಒಂದೇ ರೇಖೆಯ ಮೇಲೆ ಓಡಿ, ಹೊರಟಲ್ಲಿಗೇ ಬಂದು ನಿಂತಿತು. ಉಳಿದ ರೇಖೆಗಳೂ ಹಾಗೆಯೇ. ಒಂದರೊಳಗೊಂದು ಅಡಗಿದ ಏಕಕೇಂದ್ರ ವೃತ್ತಗಳಲ್ಲದೆ ಅಲ್ಲಿ ಸುರುಳಿಯ ಸುಳಿವೇ ಇರಲಿಲ್ಲ.

ಈ ಬಗೆಯ ಚಿತ್ರವನ್ನು ೧೯೦೮ರಲ್ಲಿ ಜೇಮ್ಸ್ ಫ್ರೇಸರ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಪ್ರಕಟಿಸಿದರು. ಅದರ ಗುಟ್ಟೆಲ್ಲವೂ ಹುರಿಯಲ್ಲಿದೆ. ಕರಿಯ ಎಳೆಯನ್ನೂ ಬಿಳಿಯ ಎಳೆಯನ್ನೂ ಸೇರಿಸಿ ಹೊಸೆದ ಹಗ್ಗದಂತೆ ಅಲ್ಲಿನ ಒಂದೊಂದು ವೃತ್ತವನ್ನೂ ಬರೆದಿದ್ದಾರೆ. ಹಗ್ಗವೇನೋ ವೃತ್ತಾಕಾರವಾಗಿಯೇ ಸಾಗುತ್ತದೆ. ಆದರೆ ಹುರಿಯ ತುಣುಕುಗಳೆಲ್ಲವೂ ಕೇಂದ್ರದ ಕಡೆಗೆ ತುಸು ಓರೆಯಾಗಿವೆ. ಹಿನ್ನೆಲೆಯ ಚೌಕುಳಿಗಳು ಆ ಓರೆಗೆ ಒತ್ತಾಸೆಯಾಗುತ್ತವೆ. ಮಿದುಳಿನ ದೃಷ್ಟಿಭಾಗದ ಅನೇಕ ಜೀವಕೋಶಗಳು ನೋಟದ ಕಿರಿದಾದ ಒಂದೊಂದು ಭಾಗದಲ್ಲಿ ಗೆರೆಯು ಯಾವ ಕಡೆಗೆ ವಾಲಿದೆಯೆಂಬುದನ್ನು ಗುರುತಿಸುತ್ತವೆಂದು ಹ್ಯೂಬೆಲ್, ವೀಸೆಲ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟು, ೧೯೮೧ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾಲುದಾರರಾದರು. ತುಣುಕುಗಳೆಲ್ಲ ಒಳಕ್ಕೆ ವಾಲಿವೆಯೆಂಬ ವರದಿಗಳನ್ನು ಒಟ್ಟುಗೂಡಿಸಿದ ಮನಸ್ಸು, ರೇಖೆಯೇ ಒಳಕ್ಕೆ ಹರಿಯುತ್ತಿದೆಯೆಂದು ತೀರ್ಮಾನಿಸುತ್ತದೆ. ಒಬ್ಬೊಬ್ಬ ಬಾತ್ಮೀದಾರನೂ ತನ್ನ ಬೀದಿಯ ಸಂಗತಿಯನ್ನು ಸರಿಯಾಗಿಯೇ ಬರೆದಿದ್ದು, ಒಟ್ಟು ಸುದ್ದಿಯು ಮಾತ್ರ ಸುಳ್ಳಾಗುವುದು ಪತ್ರಿಕೆ ನಡೆಸುವವರಿಗೆ ಅಪರಿಚಿತವಾದ ವಿಷಯವಲ್ಲ.

ನಮ್ಮಲ್ಲಿ ಭ್ರಮೆಯೆಂದೊಡನೆ ಹಗ್ಗದಲ್ಲಿ ಹಾವನ್ನು ಕಾಣುವ ದೃಷ್ಟಾಂತವು ನೆನಪಾಗುತ್ತದೆ. ಆದರೆ ಅದು ಇಲ್ಲಿಗೆ ಒಪ್ಪದು. ದೀಪ ತಂದರೆ ಹಾವು ಹೋಗುತ್ತದೆ. ಕೈವಾರ ತಂದರೂ ಈ ಸುರುಳಿ ಹೋಗಲೊಲ್ಲದು. ಇದಕ್ಕೆ ಹತ್ತಿರವಾದುದು ಸ್ಫಟಿಕದ ದೃಷ್ಟಾಂತ. ಕೆಂಪು ದಾಸವಾಳದ ಬಳಿಯಲ್ಲಿಟ್ಟ ಸ್ಫಟಿಕವು, ಅದು ಬಣ್ಣವಿಲ್ಲದ್ದೆಂದು ಬಲ್ಲವನಿಗೂ, ಹೂವು ಇರುವ ತನಕ ಕೆಂಪಾಗಿಯೇ ತೋರುತ್ತದೆ. ವೇದಾಂತಿಗಳು ಇದನ್ನು ಸೋಪಾಧಿಕ ಭ್ರಮೆಯೆಂದು ಬೇರೆಯಾಗಿಯೇ ಎಣಿಸಿದ್ದಾರೆ. ಗೌಡಪಾದಾಚಾರ್ಯರ ಅಲಾತಚಕ್ರವಂತೂ ಪ್ರಸಿದ್ಧವೇ ಇದೆ: ಬೀಸಿದ ಕೊಳ್ಳಿಯು ಇಲ್ಲದ ಚಕ್ರವನ್ನು ತೋರಿಸಿದರೆ, ಫ್ರೇಸರರ ಚಿತ್ರವು ಇರುವ ಚಕ್ರಗಳನ್ನು ಮರೆಸುತ್ತದೆ. ಎಲ್ಲವನ್ನೂ ನಮ್ಮ ಪೂರ್ವಿಕರೇ ಹೇಳಿ ಮುಗಿಸಿದ್ದಾರೆಂದು ಬೀಗುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರು ಭೇದವನ್ನು ಗುರುತಿಸಿದರು. ಕೈವಾರವಿಟ್ಟು ಅಳೆಯುವ ಕೆಲಸ ನಮಗೆ ಉಳಿದಿತ್ತು, ಅದನ್ನು ನಾವು ಮಾಡಲಿಲ್ಲ.

ಈ ಕಚೇರಿಗೆ ಬರುವ ಪತ್ರಗಳಲ್ಲಿ "ಕಣ್ಣಾರೆ ಕಂಡದ್ದು, ನಾಲ್ವರು ಸಾಕ್ಷಿ" ಎಂಬ ಒಕ್ಕಣೆಯುಳ್ಳವು ಎಷ್ಟೋ ಇರುತ್ತವೆ. ಅಂಥವುಗಳನ್ನು ಹೆಚ್ಚು ವಿಚಾರಿಸದೆ ಅಚ್ಚಿಗೆ ಕಳುಹಿಸಿದ್ದುಂಟು. ಜಗಲಿಯ ಮೇಲೆ ನಾಲ್ವರಿಗಿಂತ ಹೆಚ್ಚು ಮಂದಿಯಿದ್ದೆವು, ಎಲ್ಲರೂ ಸತ್ಯವಂತರೇ, ಕುಡಿದವರು ಯಾರೂ ಇಲ್ಲ. ಹೊರಡುವ ಹೊತ್ತಿಗೆ, ಗದರಿದ ಆ ಹಿರಿಯರು ಚಿತ್ರವನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡು, ಕನ್ನಡಕವನ್ನು ಒರೆಸಿ ಬಹಳ ಹೊತ್ತು ನೋಡಿದರು. "ಈಗಲೂ ಸುರುಳಿಯೇ ಕಾಣುತ್ತದಪ್ಪ" ಎಂದು ಹೇಳಿ, "ಎಲ್ಲಿ, ಆ ಕೈವಾರವನ್ನು ಇತ್ತ ಕೊಡು" ಎಂದು ಹುಡುಗನ ಕಡೆಗೆ ಕೈ ನೀಡಿದರು.